ಹೆಂಗಸರ ಗೇಟಿನ ಸುಂದ್ರವ್ವ

ಮೂಡಲಗಿಯಲ್ಲಿ ನಮ್ಮದೊಂದು ಟಾಕೀಸು ಇತ್ತು ಎಂದು ಹೇಳಿಕೊಳ್ಳಲು ನನಗೆ ಈಗ ನಾಚಿಕೆಯಿಲ್ಲ. ಮೊದಲು ಇತ್ತು. ಬಸದಿಯಲ್ಲಿ ಯಾರಾದರೂ ಹೊಸಬರು ಸಿಕ್ಕು, ಜಯಪಾಲ ಸಾವಕಾರರ ಮನೆಯವರು ಅಂದರೆ ಆ ಟಾಕೀಸಿನವರೇ ಎಂದು ಕೇಳಿದರೆ, ನಾನು ಸಂಕೇಶ್ವರದ ನನ್ನ ತವರಿನ ಸುದ್ದಿ ತೆಗೆದು ಮಾತು ಮರೆಸುತ್ತಿದ್ದೆ. ತವರಿನಲ್ಲಿ ನಮ್ಮಪ್ಪನದು ಅರಿವೆ ಅಂಗಡಿ, ಮರ್ಯಾದಸ್ತ ವ್ಯಾಪಾರ. ಇಲ್ಲಿ ನೋಡಿದರೆ ಕತ್ತಲಲ್ಲಿ ಜನರನ್ನು ಕೂಡಿಸಿ ದುಡ್ಡು ಮಾಡುವ ವ್ಯಾಪಾರ. ಆ ನಾಚಿಕೆಯನ್ನು ನನ್ನಿಂದ ಬಿಡಿಸಿದವಳು ನಮ್ಮ ಹೆಂಗಸರ ಗೇಟಿನ ಸುಂದ್ರವ್ವ. ಅದೂ ಎಂಥ ಸಿನೆಮಾದ ನೆವದಿಂದ ಅಂತೀರಿ, ಗೋಡೆಗೆ ಹಚ್ಚಿದ ಪೋಸ್ಟರನ್ನು ದನ ಕೂಡ ತಿನ್ನಲು ಹಿಂದೆಮುಂದೆ ನೋಡಬೇಕು, ಅಂಥದ್ದು.

ಟಾಕೀಸು ಕಟ್ಟಿಸಿದವರು ನಮ್ಮ ಮಾವನವರು. ಗಂಡಸರಿಗೆ ಎದುರು ರಸ್ತೆಯ ದೊಡ್ಡ ಗೇಟು, ಹೆಂಗಸರಿಗೆ ಪಕ್ಕದ ಓಣಿಯಲ್ಲಿ ಒಂದು ಸಣ್ಣ ಗೇಟು. ಒಳಗೂ ಅಷ್ಟೇ, ನಡುವೆ ಆಳೆತ್ತರದ ಹಲಗೆಯ ಅಡ್ಡಗೋಡೆ. ಈ ಕಡೆಯವರು ಆ ಕಡೆಯವರಿಗೆ ಕಾಣರು, ಪರದೆ ಮಾತ್ರ ಎಲ್ಲರಿಗೂ ಕಾಣುತ್ತದೆ. ಸಂತೆಯ ದಿನ ಸುತ್ತಲಿನ ಹಳ್ಳಿಗಳಿಂದ ಬಂದ ಹೆಂಗಸರು ಕಾಯಿಪಲ್ಲೆ ಮಾರಿ ಮುಗಿಸಿ, ಖಾಲಿ ಬುಟ್ಟಿ ಹೊತ್ತುಕೊಂಡೇ ಮಧ್ಯಾಹ್ನದ ಆಟಕ್ಕೆ ಬರುತ್ತಿದ್ದರು. ಅವರ ಬುಟ್ಟಿ, ಕೂಸು, ಚಪ್ಪಲಿ, ಜಗಳ ಎಲ್ಲವನ್ನೂ ಸುಂದ್ರವ್ವ ನೋಡಿಕೊಳ್ಳುತ್ತಿದ್ದಳು.

ಅವಳು ಹುಕ್ಕೇರಿ ಕಡೆಯ ಒಂದು ಹಳ್ಳಿಯವಳು. ಗಂಡ ಮಗ್ಗದ ಕೆಲಸಕ್ಕೆಂದು ಇಚಲಕರಂಜಿಗೆ ಹೋದ. ಮೊದಲು ದುಡ್ಡು ಬಂತು, ಆಮೇಲೆ ಬರೀ ಸುದ್ದಿ ಬಂತು, ಆಮೇಲೆ ಅಲ್ಲಿ ಅವನಿಗೆ ಇನ್ನೊಂದು ಮನೆಯಾಗಿದೆ ಎನ್ನುವ ಸುದ್ದಿ ಬಂತು. ಕೂಸುಕುನ್ನಿ ಇರಲಿಲ್ಲ. ಸುಂದ್ರವ್ವ ಚಿಗವ್ವನ ಆಸರೆ ಹುಡುಕಿಕೊಂಡು ಮೂಡಲಗಿಗೆ ಬಂದಳು. ಒಂದು ಸಲ ಸಿನೆಮಾ ನೋಡಲು ಬಂದಾಗ ಯಾವನೋ ಕುಡುಕ ಹಲಗೆ ಹಾರಿ ಹೆಂಗಸರ ಬದಿಗೆ ಬಂದನಂತೆ. ಎಲ್ಲರೂ ಚೀರುತ್ತಿದ್ದರೆ ಇವಳು ಎದ್ದು, ಮೂಲೆಯ ಕಸಬರಿಗೆ ತೆಗೆದುಕೊಂಡು, ಅವನನ್ನು ರಸ್ತೆಯವರೆಗೂ ಗುಡಿಸಿಕೊಂಡು ಹೋದಳಂತೆ. ಮಾವನವರು ಮರುದಿನವೇ ಅವಳನ್ನು ಗೇಟಿಗೆ ನಿಲ್ಲಿಸಿದರು. ನಾನು ಮದುವೆಯಾಗಿ ಬಂದಾಗ ಆಗಲೇ ಅವಳು ಹಳಬಳು.

ಅವಳಿಗೆ ಒಂದು ರೂಢಿ ಇತ್ತು. ಹಳ್ಳಿಯ ಕಡೆಯ ಬಸ್ಸುಗಳು ಆಟ ಮುಗಿಯುವುದಕ್ಕೆ ಮೊದಲೇ ಹೊರಡುತ್ತಿದ್ದವು. ಬಸ್ಸಿನವರಿಗೆ ಸಿನೆಮಾದ ಚಿಂತೆ ಎಲ್ಲಿಯದು? ನಾಯಕಿಯನ್ನು ಕಟ್ಟಿಹಾಕಿದ ಹೊತ್ತಿಗೆ ಸರಿಯಾಗಿ ಹಳ್ಳೂರು, ನಾಗನೂರು ಕಡೆಯ ಹೆಂಗಸರು ಬುಟ್ಟಿ ಎತ್ತಿಕೊಂಡು ಏಳಬೇಕು. ಮುಂದಿನ ಸಂತೆಯ ದಿನ ಅವರು ಗೇಟಿಗೆ ಬಂದು ಮುಂದೇನಾಯಿತು ಎಂದು ಕೇಳುತ್ತಿದ್ದರು, ಸುಂದ್ರವ್ವ ಉಳಿದ ಕಥೆ ಹೇಳುತ್ತಿದ್ದಳು. ಹೇಳುವಾಗ ಸುಮ್ಮನೆ ಹೇಳುವವಳಲ್ಲ. ಕಾಲು ಕುಂಟಿಸಿ ಖಳನಾಯಕ ಆಗುವಳು, ಸೆರಗು ಬಾಯಿಗೆ ಹಿಡಿದು ಅತ್ತೆ ಆಗುವಳು.

ಆದರೆ ಅವಳು ಹೇಳಿದ್ದು ಸಿನೆಮಾದಲ್ಲಿ ಇದ್ದದ್ದಲ್ಲ. ತನಗೆ ಸರಿ ಕಂಡ ಹಾಗೆ ಮುಗಿಸುತ್ತಿದ್ದಳು. ಸಿನೆಮಾದಲ್ಲಿ ಸಾಯುವ ತಾಯಿ ಅವಳ ಬಾಯಲ್ಲಿ ಬದುಕಿ ಮೊಮ್ಮಕ್ಕಳನ್ನು ಆಡಿಸುವಳು. ಹೆಂಡತಿಯನ್ನು ಬಿಟ್ಟು ಹೋದ ಗಂಡ ಕಡೆಗೆ ಬಂದು ಅತ್ತನೋ, ಸಿನೆಮಾದವರು ಬಾಗಿಲು ತೆರೆಯುತ್ತಿದ್ದರು, ಸುಂದ್ರವ್ವ ತೆರೆಯುತ್ತಿರಲಿಲ್ಲ. ನಾಗನೂರಿನ ಒಬ್ಬ ಸೊಸೆ ಒಂದು ಸಿನೆಮಾವನ್ನು ಗೋಕಾಕದಲ್ಲಿ ಪೂರ್ತಿ ನೋಡಿ ಬಂದು, ಅದು ಹಾಗೆ ಮುಗಿಯುವುದಿಲ್ಲ ಎಂದು ಅತ್ತೆಯೊಡನೆ ವಾದಕ್ಕೆ ಬಿದ್ದಳಂತೆ. ಊರ ಹೆಂಗಸರೆಲ್ಲ ಸೇರಿ ಪಂಚಾಯಿತಿ ಮಾಡಿ, ಗೋಕಾಕದ ಟಾಕೀಸಿನವರು ರೀಲು ಕತ್ತರಿಸಿರುತ್ತಾರೆ ಎಂದು ತೀರ್ಮಾನ ಕೊಟ್ಟರು. ಸುಂದ್ರವ್ವ ಸುಳ್ಳು ಹೇಳಿರಬಹುದು ಎಂದು ಒಬ್ಬರಿಗೂ ಹೊಳೆಯಲಿಲ್ಲ.

ಊರಿಗೆ ಕೇಬಲ್ ಬಂದ ವರ್ಷ ನಮ್ಮ ಟಾಕೀಸಿನ ಸೊಂಟ ಮುರಿಯಿತು. ಮನೆಯಲ್ಲೇ ಕಾಲು ಚಾಚಿ ಕೂತು ಸಿನೆಮಾ ನೋಡಬಹುದು ಎಂದಾದ ಮೇಲೆ ತಗಣಿ ಕಡಿಸಿಕೊಳ್ಳಲು ಯಾರು ಬರುತ್ತಾರೆ? ಮಾವನವರು ಆಗಲೇ ತೀರಿಕೊಂಡಿದ್ದರು. ನಮ್ಮ ಮನೆಯವರು ಆರು ತಿಂಗಳು ಒದ್ದಾಡಿ, ಕಡೆಗೆ ಹುಬ್ಬಳ್ಳಿಯಿಂದ ಅಗ್ಗದಲ್ಲಿ ಸಿಗುವ ಹಳೆಯ ಸಿನೆಮಾಗಳಿಗೆ ಕೈಹಾಕಿದರು. ಹತ್ತಿಪ್ಪತ್ತು ವರ್ಷದ ಹಿಂದಿನ ಹಾಸ್ಯದ ಸಿನೆಮಾಗಳು. ಹಾಸ್ಯ ಅಂದರೆ ಮಕ್ಕಳ ಎದುರು ಹೇಳುವ ಹಾಸ್ಯವಲ್ಲ. ಪೋಸ್ಟರಿನ ಮೇಲೆ ವಯಸ್ಕರಿಗೆ ಮಾತ್ರ ಎಂದು ದಪ್ಪ ಅಕ್ಷರ, ಅದರ ಕೆಳಗೆ ಅರ್ಧ ತೆರೆದ ಬಾಗಿಲಿನಿಂದ ಇಣುಕುವ ಒಂದು ಹೆಣ್ಣು. ರೀಲಿನ ಡಬ್ಬಿಗಳು ಗೋಕಾಕದಿಂದ ಬಸ್ಸಿನ ಟಪ್ಪಿನ ಮೇಲೆ ಬರುತ್ತಿದ್ದವು. ಓಡಿ ಓಡಿ ಸವೆದ ಪ್ರಿಂಟು, ಪರದೆಯ ಮೇಲೆ ಮಳೆ ಸುರಿದ ಹಾಗೆ ಗೆರೆ, ಮನುಷ್ಯರೆಲ್ಲ ಕೆಂಪು ಕೆಂಪು. ಆದರೂ ಗಂಡಸರು ಬಂದರು. ಟವೆಲ್ಲು ತಲೆಗೆ ಸುತ್ತಿಕೊಂಡು ದೀಪ ಆರಿದ ಮೇಲೆ ಒಳಗೆ ಬಂದು, ದೀಪ ಹತ್ತುವ ಮೊದಲೇ ಹೊರಗೆ ಹೋಗುತ್ತಿದ್ದರು. ಹೆಂಗಸರು ಆ ಓಣಿಯಲ್ಲಿ ಹಾಯುವುದನ್ನೂ ಬಿಟ್ಟರು.

ನಮ್ಮ ಮನೆಯವರು ಆ ಸಿನೆಮಾಗಳನ್ನು ಒಂದು ದಿನವೂ ನೋಡಲಿಲ್ಲ. ಆಟ ಶುರುವಾದರೆ ಎದುರಿನ ಚಹಾದಂಗಡಿಯಲ್ಲಿ ಬೆನ್ನು ತಿರುಗಿಸಿ ಕೂಡುತ್ತಿದ್ದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದು ಅಂದರೆ ಇದೇ. ನಾನು ಹಾಗೆಂದು ಬೈದೆ ಕೂಡ.

ಅಂತೂ ಹೆಂಗಸರ ಗೇಟಿಗೆ ಕೆಲಸ ಇಲ್ಲದಾಯಿತು. ಆ ಗೇಟಿಗೆ ಗೋಡೆ ಕಟ್ಟಿಸಿ, ಹಲಗೆ ಕಿತ್ತು, ಓಣಿಯಲ್ಲಿ ಸೈಕಲ್ ಸ್ಟ್ಯಾಂಡು ಮಾಡುವುದು ಎಂದು ಅವರು ನಿಶ್ಚಯಿಸಿದರು. ಗೌಂಡಿ ಯಲ್ಲಾರಿಗೆ ಹೇಳಿಯೂ ಆಯಿತು, ಸಂತೆ ಮುಗಿದ ಮರುದಿನ ಬರುತ್ತೇನೆ ಅಂದ. ಸುಂದ್ರವ್ವನಿಗೆ ಊರಿಗೆ ಹೋಗು ಎಂದು ಹೇಳಿದರು. ಯಾವ ಊರಿಗೆ ಎಂದು ಅವಳೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಚಿಗವ್ವ ಸತ್ತು ಎಷ್ಟೋ ಕಾಲವಾಗಿತ್ತು. ಐವತ್ತು ದಾಟಿದ ಹೆಂಗಸಿಗೆ ಇದ್ದದ್ದು ಆ ಗೇಟು ಮತ್ತು ಗೇಟಿಗೆ ಹತ್ತಿದ ಒಂದು ಖೋಲಿ.

"ಗ್ವಾಡಿ ಕಟ್ಟೂತನಕ ನನ್ನ ಕೆಲಸ ನಾ ಮಾಡತೇನ್ರಿ ಸಾವಕಾರ್ರ," ಎಂದಷ್ಟೇ ಅಂದಳಂತೆ.

ಅಂದವಳು ಅಂದೇ ಹೆಂಗಸರ ಬದಿಯ ಖಾಲಿ ಬಾಕಿನ ಮೇಲೆ ಒಬ್ಬಳೇ ಕೂತು ಆಗ ಓಡುತ್ತಿದ್ದ ಸಿನೆಮಾ ನೋಡಿದಳು. ಮರುದಿನವೂ ನೋಡಿದಳು. ನೋಡಿದ್ದರೆ ಅಡ್ಡಿ ಇರಲಿಲ್ಲ, ನಕ್ಕಳು. ಹಲಗೆಯ ಆಚೆ ಉಸಿರು ಬಿಗಿಹಿಡಿದು ಕೂತ ಗಂಡಸರಿಗೆ ಈಚೆಯಿಂದ ಒಬ್ಬ ಹೆಂಗಸು ಬಾಯಿ ತೆರೆದು ನಗುವುದು ಕೇಳಿದರೆ ಹೇಗಾಗಬೇಡ? ಸೀಟಿ ಹೊಡೆಯುವವರು ಬಾಯಿ ಮುಚ್ಚಿದರು. ಅವಳ ನಗು ಬೀಳುತ್ತಿದ್ದ ಜಾಗವೂ ಬೇರೆ. ಇವರು ಕಾಯುತ್ತಿದ್ದದ್ದು ಒಂದು ಸ್ನಾನದ ತುಣುಕಿಗೆ. ಅದು ಬಂದಾಗ ಅವಳು ಆಕಳಿಸುತ್ತಿದ್ದಳು. ಆಮೇಲೆ ಇವರು ಬೀಡಿ ಹಚ್ಚಲು ಎದ್ದರೆ ಅವಳು ಬಿದ್ದು ಬಿದ್ದು ನಗುತ್ತಿದ್ದಳು. ತಮ್ಮನ್ನೇ ನೋಡಿ ನಗುತ್ತಾಳೆ ಎಂದು ಕೆಲವರು ಅರ್ಧಕ್ಕೇ ಎದ್ದು ಹೋದರು. ಬಸವಣ್ಣೆಪ್ಪ ಎನ್ನುವ ಬೆಲ್ಲದ ವ್ಯಾಪಾರಿ ಸಿಟ್ಟಿನಿಂದ ನಮ್ಮ ಮನೆಯವರ ಹತ್ತಿರ ಬಂದು, ಆ ಮುದುಕಿಯ ಧ್ವನಿ ಥೇಟ್ ತಮ್ಮ ಅವ್ವನ ಧ್ವನಿ, ಹೀಗಾದರೆ ಸಿನೆಮಾ ನೋಡುವುದು ಹೇಗೆ ಎಂದು ಜಗಳ ತೆಗೆದ.

ಅವಳಿಗೆ ಬುದ್ಧಿ ಹೇಳಲು ನನ್ನನ್ನು ಕಳಿಸಿದರು. ಹೆಂಗಸರ ವಿಷಯ ಅಲ್ಲವೇ, ಹೊಲಸು ತೊಳೆಯಲು ನಾವೇ ಆಗಬೇಕು. ನಾನು ಮುಖ ಗಂಟು ಹಾಕಿಕೊಂಡೇ ಹೋದೆ. ಇಷ್ಟು ದಿನ ಮರ್ಯಾದೆಯಿಂದ ಇದ್ದವಳು, ಹೋಗುವಾಗ ಇಂಥ ಸಿನೆಮಾ ನೋಡಿ ಹಲ್ಲು ಕಿರಿಯುವುದೇ ಎಂದು ಕೇಳಿದೆ.

"ಬಾಯಾರ, ಇದು ಹೊಲಸ ಸಿನೆಮಾ ಅಂತ ಯಾರ ಹೇಳಿದ್ರು ನಿಮಗ?" ಅಂದಳು. "ಇದು ಗಂಡ ಸಿಕ್ಕೊಂಡ ಸಿನೆಮಾ."

ಆಮೇಲೆ ಖೋಲಿಯ ಹೊಸ್ತಿಲ ಮೇಲೆ ಕೂಡಿಸಿ ಕಥೆ ಹೇಳಿದಳು. ಒಬ್ಬ ಔಷಧಿ ಅಂಗಡಿಯವ. ಬೆನ್ನು ನೋವು, ಬಿಸಿನೀರಿನ ಬುಗ್ಗೆಯಲ್ಲಿ ಮೀಯಬೇಕೆಂದು ಡಾಕ್ಟರು ಹೇಳಿದ್ದಾರೆ ಎಂದು ಹೆಂಡತಿಗೆ ಸುಳ್ಳು ಹೇಳಿ, ಒಬ್ಬ ಕುಣಿಯುವವಳ ಬೆನ್ನು ಹತ್ತಿ ಬೆಟ್ಟದ ಊರಿನ ಲಾಡ್ಜಿಗೆ ಹೋಗುತ್ತಾನೆ. ಹೆಂಡತಿ ಅವನ ಬೆನ್ನಿಗೆ ತಿಕ್ಕುವ ಎಣ್ಣೆ ಮರೆತು ಹೋದನಲ್ಲ ಎಂದು ಮರುಗಿ, ಅತ್ತೆಯನ್ನೂ ಕರೆದುಕೊಂಡು, ಎಣ್ಣೆಯ ಬಾಟಲಿ ಹಿಡಿದು ಅದೇ ಲಾಡ್ಜಿಗೆ ಬರುತ್ತಾಳೆ. ಅಲ್ಲಿಂದ ಮುಂದೆ ಅವನು ಒಂದು ಟವೆಲ್ಲು ಸುತ್ತಿಕೊಂಡು ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಓಡುವುದೇ ಓಡುವುದು. ಮಂಚದ ಕೆಳಗೆ ಅಡಗಿದರೆ ಅಲ್ಲಿ ಇನ್ನೊಬ್ಬಳ ಗಂಡ ಮೊದಲೇ ಅಡಗಿದ್ದಾನೆ. ಕಪಾಟಿನಲ್ಲಿ ಹೊಕ್ಕರೆ ಅತ್ತೆ, ಅಂದರೆ ಇವನ ಹಡೆದ ತಾಯಿ, ಸೀರೆ ತೆಗೆಯಲು ಬರುತ್ತಾಳೆ. ಸುಂದ್ರವ್ವ ಟವೆಲ್ಲು ಹಿಡಿದುಕೊಂಡ ಗಂಡಸು ಹೇಗೆ ಓಡುತ್ತಾನೆ ಎಂದು ಖೋಲಿಯ ತುಂಬ ಓಡಿ ತೋರಿಸಿದಳು. ನಾನು ಬುದ್ಧಿ ಹೇಳಲು ಹೋದವಳು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಮತ್ತೆ ಆ ಸ್ನಾನ ಎಂದು ಕೇಳಿದೆ. ಅದು ಈ ಕಥೆಯದೇ ಅಲ್ಲ, ಬೇರೆ ಎಲ್ಲಿಂದಲೋ ತಂದು ಅಂಟಿಸಿದ್ದು, ಮೀಯುವವಳ ಮುಖವೂ ಬೇರೆ, ನೀರೂ ಬೇರೆ ಎಂದಳು. ಗಂಡಸರು ಆ ತುಣುಕಿಗೆ ಬಂದು ಕಥೆಯನ್ನು ಬಿಟ್ಟು ಹೋಗುತ್ತಾರೆ ಎನ್ನುವುದು ಅವಳ ಸಂಕಟ. ಹಪ್ಪಳಕ್ಕೆ ಬಂದು ಊಟ ಬಿಟ್ಟು ಹೋದ ಹಾಗೆ.

ಕಡೆಗೆ ಏನಾಗುತ್ತದೆ ಎಂದು ಕೇಳಿದ್ದಕ್ಕೆ ಮಾತ್ರ ಅವಳು ಎದ್ದು ಸೆರಗು ಕೊಡವಿಕೊಂಡಳು. "ಕಡೀದು ನಾ ನೋಡಂಗಿಲ್ರಿ. ಆ ಹೊತ್ತಿಗೆ ಗೇಟ ತೆಗ್ಯಾಕ ಹೋಗತೇನಿ," ಅಂದಳು. ಯಾರೂ ಬರದ ಗೇಟನ್ನು ಯಾರಿಗೆ ತೆಗೆಯುತ್ತಾಳೆ? ಸಿನೆಮಾದಲ್ಲಿ ಹೆಂಡತಿ ಆ ಗಂಡನನ್ನು ಕ್ಷಮಿಸುತ್ತಾಳೆ ಎಂದು ನನಗೆ ಅರ್ಥವಾಯಿತು. ನನಗೆ ಅವಳ ಮೇಲೆ ತಡೆಯಲಾರದಷ್ಟು ಕರುಣೆ ಬಂತು. ಅವಳಿಗೆ ಅದು ಬೇಕಾಗಿರಲಿಲ್ಲ, ಆದರೂ ಬಂತು.

ಮನೆಗೆ ಬಂದು ನಮ್ಮವರ ಎದುರು ಕೂತೆ. ಸಂತೆಯ ದಿನ ಮಧ್ಯಾಹ್ನದ ಒಂದು ಆಟ ಬರೀ ಹೆಂಗಸರಿಗೆ ಬಿಡಿ ಎಂದೆ. ಈ ಸಿನೆಮಾಕ್ಕೇ ಎಂದು ಅವರು ಹೌಹಾರಿದರು. ಇದೇ ಸಿನೆಮಾಕ್ಕೇ ಎಂದೆ. ಊರು ಉಗಿಯುತ್ತದೆ ಎಂದರು. ಗಂಡಸರು ನೋಡಿದರೆ ಉಗಿಯದ ಊರು ಹೆಂಗಸರು ನೋಡಿದರೆ ಯಾಕೆ ಉಗಿಯುತ್ತದೆ, ನಿಮ್ಮ ಪೆಟ್ಟಿಗೆಗೆ ಬೀಳುವ ದುಡ್ಡಿಗೆ ಮೀಸೆ ಇದೆಯೇ ಎಂದು ಕೇಳಿದೆ. ಕಡೆಗೆ, ಹೆಂಗಸರ ಬದಿ ತುಂಬಿದರೆ ಗೇಟು ಉಳಿಯುತ್ತದೆ, ತುಂಬದಿದ್ದರೆ ಮರುದಿನ ಯಲ್ಲಾರಿ ಇಟ್ಟಿಗೆ ತರುತ್ತಾನೆ ಎಂದರು. ತುಂಬುವುದಿಲ್ಲ ಎಂದು ಅವರಿಗೆ ಖಾತ್ರಿ ಇತ್ತು. ನನಗೂ ಒಳಗೊಳಗೆ ಹಾಗೇ ಇತ್ತು.

ಸುಂದ್ರವ್ವ ಎರಡು ಕೆಲಸ ಮಾಡಿದಳು. ಮೊದಲನೆಯದು, ಮಷೀನು ಓಡಿಸುವ ಶಿದ್ರಾಮನ ಬೆನ್ನು ಹತ್ತಿ ಆ ಸ್ನಾನದ ತುಣುಕನ್ನು ಒಂದು ಆಟದ ಮಟ್ಟಿಗೆ ತೆಗೆಸಿದಳು. ಎರಡನೆಯದು, ಕಥೆ ಹೇಳುತ್ತಾ ಹೊರಟಳು. ಬಳೆ ಅಂಗಡಿ ರಸೂಲಬಿಯ ಮುಂದೆ, ಬಸ್‌ಸ್ಟ್ಯಾಂಡಿನಲ್ಲಿ, ನೀರಿನ ನಳದ ಹತ್ತಿರ, ಎಲ್ಲೆಲ್ಲಿ ನಾಲ್ಕು ಹೆಂಗಸರಿದ್ದರೋ ಅಲ್ಲಿ. ಅತ್ತೆ ಕಪಾಟಿನ ಬಾಗಿಲಿಗೆ ಕೈ ಹಾಕುವವರೆಗೆ ಹೇಳುವುದು, ಅಲ್ಲಿಗೆ ನಿಲ್ಲಿಸಿ ಎದ್ದು ಹೋಗುವುದು. ಜನ್ಮದಲ್ಲಿ ಒಂದು ಕಥೆಯನ್ನೂ ಮುಗಿಸದೆ ಬಿಡದವಳು ಹೀಗೆ ಮಾಡಿದ್ದಕ್ಕೆ ಹೆಂಗಸರು ರೇಗಿದರು. ಹಳ್ಳೂರಿನ ಅಲ್ಲವ್ವ ಎನ್ನುವ ಮುದುಕಿಯಂತೂ, ಮುಂದಿನದು ಹೇಳದಿದ್ದರೆ ಇಲ್ಲೇ ಕೂಡುತ್ತೇನೆ ಎಂದು ಹಟ ಹಿಡಿದು ಅಂದಿನ ಬಸ್ಸು ತಪ್ಪಿಸಿಕೊಂಡಳು. ಸುಂದ್ರವ್ವ ಅವಳಿಗೆ ರೊಟ್ಟಿ ಕೊಟ್ಟಳು, ಮಲಗಲು ಜಾಗ ಕೊಟ್ಟಳು, ಕಥೆ ಕೊಡಲಿಲ್ಲ.

ಸಂತೆಯ ದಿನ ಬಂತು. ನಾನು ಉಪವಾಸದವಳ ಹಾಗೆ ಬಾಯಿ ಒಣಗಿಸಿಕೊಂಡು ಗೇಟಿನ ಒಳಗೆ ನಿಂತೆ. ಬಹಳ ಹೊತ್ತು ಓಣಿಯಲ್ಲಿ ಒಂದು ನಾಯಿ ಬಿಟ್ಟರೆ ಯಾರೂ ಇರಲಿಲ್ಲ. ಸುಂದ್ರವ್ವ ಟಿಕೀಟಿನ ಪುಸ್ತಕವನ್ನು ಈ ಕೈಯಿಂದ ಆ ಕೈಗೆ ಮಾಡುತ್ತಿದ್ದಳು. ಆಮೇಲೆ ಅಲ್ಲವ್ವ ಬಂದಳು, ಅವಳ ಹಿಂದೆ ಅವಳ ಸೊಸೆಯಂದಿರು, ಅವರ ಹಿಂದೆ ಬುಟ್ಟಿಗಳು. ರಸೂಲಬಿ ಅಂಗಡಿಗೆ ಬಾಗಿಲು ಹಾಕಿ ಬಂದಳು. ನಮ್ಮ ಬಸದಿಯ ಹೆಂಗಸರೂ ನಾಲ್ಕೈದು ಮಂದಿ ಸೆರಗು ಮುಖದವರೆಗೆ ಎಳೆದುಕೊಂಡು ನನ್ನನ್ನು ನೋಡದವರ ಹಾಗೆ ಒಳಗೆ ಹೋದರು. ನಾನೂ ನೋಡದವಳ ಹಾಗೆ ಇದ್ದೆ. ಹೆಂಗಸರ ಬದಿ ತುಂಬಿತು. ಜಾಗ ಸಾಲದೆ ಹಲಗೆಯ ಆಚೆ ಗಂಡಸರ ಬದಿಗೂ ಹೋಗಿ ಕೂತರು. ಶಿದ್ರಾಮ ಮಷೀನಿನ ಖೋಲಿಯ ಕಿಂಡಿಯಿಂದ ಇಣುಕಬಾರದು ಎಂದು ಯಾರೋ ಕರಾರು ಹಾಕಿದರು. ಅವನ ಹೆಂಡತಿಯೇ ಕೆಳಗೆ ಕೂತಿದ್ದಳು, ಆ ಕರಾರು ಬೇಕಾಗಿರಲಿಲ್ಲ.

ಎಂಥ ನಗು ಅದು! ಟವೆಲ್ಲಿನವ ಮೊದಲ ಸಲ ಬಾಗಿಲು ತಪ್ಪಿ ಹೊಕ್ಕಾಗ ಶುರುವಾದದ್ದು ನಿಲ್ಲಲೇ ಇಲ್ಲ. ಅವನು ಕಪಾಟು ಹೊಕ್ಕರೆ ಅಲ್ಲವ್ವ ಪರದೆಗೆ ಕೈ ಮಾಡಿ, ಅಲ್ಲೇ ಇದ್ದಾನೆ ತೆಗಿ ಎಂದು ಕೂಗಿದಳು. ಎಣ್ಣೆಯ ಬಾಟಲಿ ಹಿಡಿದು ತಿರುಗುವ ಆ ಹೆಂಡತಿಯ ಬೆನ್ನಿಗೆ ಇಡೀ ಟಾಕೀಸು ನಿಂತಿತ್ತು. ಗಂಡಸರು ಕದ್ದು ನೋಡಿ ಹೋಗುವ ಸಿನೆಮಾದೊಳಗೆ ಇಷ್ಟು ದಿನ ಇಂಥದ್ದೊಂದು ಕಥೆ ಯಾರೂ ಕೇಳುವವರಿಲ್ಲದೆ ಕೂತಿತ್ತಲ್ಲ ಎಂದು ನನಗೆ ಅನಿಸಿತು.

ಕಡೆಯ ದೃಶ್ಯ ಬಂತು. ಗಂಡ ಅದೇ ಟವೆಲ್ಲಿನಲ್ಲಿ ಹೆಂಡತಿಯ ಮುಂದೆ ಮಂಡಿಯೂರಿ ಅಳುತ್ತಾನೆ. ಪಿಟೀಲು ಶುರುವಾಯಿತು. ಹೆಂಡತಿ ಕಣ್ಣೊರೆಸಿಕೊಂಡು ಅವನನ್ನು ಎಬ್ಬಿಸುತ್ತಾಳೆ. ಹೆಂಗಸರೆಲ್ಲ ಒಮ್ಮೆಲೇ ಸುಮ್ಮನಾದರು. ಹಳಬರಿಗೆಲ್ಲ ಸುಂದ್ರವ್ವನ ಸಂಸಾರದ ಸುದ್ದಿ ಗೊತ್ತು. ಕತ್ತಲಲ್ಲೇ ಒಬ್ಬೊಬ್ಬರು ಗೇಟಿನ ಕಡೆ ತಿರುಗಿದರು. ಅವಳು ಈ ಸಲ ಗೇಟು ತೆಗೆಯಲು ಹೋಗಿರಲಿಲ್ಲ. ಗೋಡೆಗೆ ಬೆನ್ನು ಹಚ್ಚಿ ನಿಂತು ಪರದೆಯನ್ನು ನೋಡುತ್ತಿದ್ದಳು. ನಾನು ಅವಳ ಪಕ್ಕದಲ್ಲೇ ಇದ್ದೆ, ಕೈ ಹಿಡಿಯಬೇಕೆಂದು ಕೈ ಚಾಚಿದೆ.

ಅಷ್ಟರಲ್ಲಿ ಅವಳು ನಕ್ಕಳು. ಮೊದಲು ಮೂಗಿನಿಂದ ಸಣ್ಣಗೆ, ಆಮೇಲೆ ತಡೆಯಲಾಗದೆ ಜೋರಾಗಿ, ಸೊಂಟ ಬಗ್ಗಿಸಿ. ಮಂಡಿಯೂರಿದವನು ಒಂದು ಕೈಯಲ್ಲಿ ಹೆಂಡತಿಯ ಕಾಲು, ಇನ್ನೊಂದು ಕೈಯಲ್ಲಿ ಟವೆಲ್ಲಿನ ಗಂಟು ಹಿಡಿದುಕೊಂಡಿದ್ದ. ಅದನ್ನು ಅವಳು ನೋಡಿದ್ದಳು, ಈಗ ನಾವೂ ನೋಡಿದೆವು. ಇಡೀ ಟಾಕೀಸು ಒಡೆದು ನಕ್ಕಿತು. ಅಲ್ಲವ್ವ ಬಾಕಿನಿಂದ ಜಾರಿ ಕೆಳಗೆ ಕೂತಳು. ನಗುತ್ತ ನಗುತ್ತ ಸುಂದ್ರವ್ವ ಕಣ್ಣು ಒರೆಸಿಕೊಂಡಳು. ಮತ್ತೆ ಒರೆಸಿಕೊಂಡಳು. ಆಮೇಲೆ ಹೋಗಿ ಗೇಟು ತೆಗೆದು, ಯಾರ ಬುಟ್ಟಿ ಯಾವುದು ಎಂದು ಕೊಡತೊಡಗಿದಳು.

ಅಂದು ನಮ್ಮ ಮನೆಯವರು ಹೊತ್ತು ಮುಳುಗುವ ಮೊದಲೇ ಊಟಕ್ಕೆ ಬಂದರು. ಕತ್ತಲಾದ ಮೇಲೆ ಉಣ್ಣದ ಜೈನರು ನಾವು, ದಿನವೂ ಹಾಗೆ ಬರಬೇಕಾದವರೇ, ಆದರೆ ಈ ಸಿನೆಮಾಗಳು ಶುರುವಾದ ಮೇಲೆ ನನ್ನ ಮುಖ ತಪ್ಪಿಸಲು ಎಷ್ಟೋ ಸಂಜೆ ಊಟವನ್ನೇ ಬಿಡುತ್ತಿದ್ದರು. ತಾಟಿನ ಮುಂದೆ ಕೂತು, ಚಹಾದಂಗಡಿಯವರೆಗೂ ನಗು ಕೇಳಿಸಿತು ಎಂದರು. ತಮ್ಮಪ್ಪನ ಕಾಲದಲ್ಲಿ ಟಾಕೀಸಿನಿಂದ ಅಂಥ ಸಪ್ಪಳ ಬರುತ್ತಿತ್ತಂತೆ. ಆ ಟವೆಲ್ಲಿನವ ಕಡೆಗೆ ಏನಾದ ಎಂದು ಕೇಳಿದರು. ಹೆಂಡತಿ ಅವನನ್ನು ಕ್ಷಮಿಸಿ ಮನೆಗೆ ಕರೆದುಕೊಂಡು ಹೋದಳು ಎಂದೆ.

"ಕಡೀಕೇ ಭಾಳ ನಕ್ಕಿರಲ್ಲ," ಅಂದರು. "ಅಂಥಾದ್ದರಾಗ ನಗೂದೇನೈತಿ?"

"ಸುಂದ್ರವ್ವ ನಕ್ಕಳ್ರಿ. ಅಕಿ ನಕ್ಕಳಂತ ನಾವೆಲ್ಲಾರೂ ನಕ್ಕಿವಿ," ಎಂದೆ.

ಅವರು ತುತ್ತು ಕಲಸುವುದನ್ನು ನಿಲ್ಲಿಸಿದರು. ಊಟ ಅರ್ಧಕ್ಕೆ ಬಿಟ್ಟು ಕೈ ತೊಳೆದು, ಗೌಂಡಿ ಯಲ್ಲಾರಿಗೆ ನಾಳೆ ಗೋಡೆ ಕಟ್ಟಲು ಬರಬೇಡವೆಂದು ಹೇಳಲು ತಾವೇ ಎದ್ದು ಹೋದರು.